ಕಿವಿಯ ಮುಂದೆ ಬೆರಳಿಟ್ಟು ಬಾಯಿ ತೆರೆಯಿರಿ

ಇದನ್ನು ಓದುವಾಗ ನಿಮ್ಮ ಒಂದು ಕೈ ಖಾಲಿ ಇರಲಿ. ತೋರುಬೆರಳನ್ನು ಕಿವಿಯ ತೂತಿನ ಮುಂದೆ, ಅರ್ಧ ಬೆರಳಿನ ಅಗಲದಷ್ಟು ಮುಂದಕ್ಕೆ ಇಡಿ. ಈಗ ನಿಧಾನವಾಗಿ ಬಾಯಿ ತೆರೆಯಿರಿ. ಮೊದಲು ಬೆರಳಿನ ಕೆಳಗೆ ಏನೋ ತಿರುಗಿದ ಹಾಗೆ ಅನ್ನಿಸುತ್ತದೆ. ಇನ್ನೂ ಅಗಲವಾಗಿ ತೆರೆದರೆ ಅದು ಮುಂದಕ್ಕೆ ಜಾರಿಹೋಗಿ, ಬೆರಳಿದ್ದ ಜಾಗದಲ್ಲಿ ಸಣ್ಣದೊಂದು ಗುಳಿ ಬೀಳುತ್ತದೆ. ಬಾಯಿ ಮುಚ್ಚಿ, ಗುಳಿ ತುಂಬಿಕೊಳ್ಳುತ್ತದೆ. ನಿಮ್ಮ ಬೆರಳಿನ ಕೆಳಗೆ ಓಡಾಡಿದ್ದು ಕೆಳದವಡೆಯ ತಲೆ. ನಾವು ಅದನ್ನು ಕಾಂಡೈಲ್ ಅನ್ನುತ್ತೇವೆ.

ನಾನು ತಿಪಟೂರಿನಲ್ಲಿ ಹಲ್ಲಿನ ಡಾಕ್ಟರ್. ಓದಿದ್ದು ಬಾಯಿ ಮತ್ತು ದವಡೆಯ ಸರ್ಜರಿ. ಆದರೆ ಇಲ್ಲಿ ಎಲ್ಲರಿಗೂ ನಾನು ‘ಹಲ್ಲಿನ ಡಾಕ್ಟ್ರಮ್ಮ’. ನನ್ನ ಹತ್ತಿರ ಬರುವವರಲ್ಲಿ ಒಂದಷ್ಟು ಜನರಿಗೆ ಹಲ್ಲಿನಲ್ಲಿ ಏನೂ ತೊಂದರೆ ಇರುವುದಿಲ್ಲ. ನೋವು ಇರುವುದು ಹಲ್ಲನ್ನು ಓಡಿಸುವ ಸ್ನಾಯುಗಳಲ್ಲಿ, ಇಲ್ಲವೇ ದವಡೆಯ ಕೀಲಿನಲ್ಲಿ. ಆದರೂ ಅವರು ‘ಈ ಹಲ್ಲು ಕಿತ್ತುಬಿಡಿ ಮೇಡಂ’ ಅಂತಲೇ ಬರುತ್ತಾರೆ. ಕೆಲವರು ಅಷ್ಟರಲ್ಲಿ ಒಂದು ಹಲ್ಲು ಕೀಳಿಸಿಕೊಂಡೂ ಬಂದಿರುತ್ತಾರೆ. ನೋವು ಮಾತ್ರ ಹಾಗೇ ಇರುತ್ತದೆ. ಅದನ್ನು ನೋಡಿದಾಗ ನನಗೆ ನಿಜವಾಗಿಯೂ ಸಂಕಟವಾಗುತ್ತದೆ. ಮಂಡಿ ಎಲ್ಲಿದೆ, ಭುಜ ಎಲ್ಲಿದೆ ಅಂತ ನಮಗೆಲ್ಲ ಗೊತ್ತು. ಊಟ, ಮಾತು, ಆಕಳಿಕೆ ಎಲ್ಲಕ್ಕೂ ಬಳಸುವ ಈ ಕೀಲು ಎಲ್ಲಿದೆ ಅಂತ ಕೇಳಿದರೆ ಹೆಚ್ಚಿನವರು ಗದ್ದ ಮುಟ್ಟಿ ತೋರಿಸುತ್ತಾರೆ.

ಅದಕ್ಕೇ ಇವತ್ತು ಒಂದಿಷ್ಟು ಅನಾಟಮಿ ಬರೆಯುತ್ತಿದ್ದೇನೆ. ಕಷ್ಟವೇನಿಲ್ಲ, ನಿಮ್ಮ ಮುಖವೇ ಪುಸ್ತಕ.

ಕೆಳದವಡೆ ಒಂದೇ ಮೂಳೆ. ತಲೆಬುರುಡೆಯಲ್ಲಿ ಕಿವಿಯೊಳಗಿನ ಪುಟ್ಟ ಮೂಳೆಗಳನ್ನು ಬಿಟ್ಟರೆ ಅಲ್ಲಾಡುವ ಮೂಳೆ ಇದೊಂದೇ. ಅದರ ಎರಡು ತುದಿಗಳೂ ಮೇಲಕ್ಕೆ ಎದ್ದು ಎರಡು ಕಿವಿಗಳ ಮುಂದೆ ಕೂತಿವೆ. ಹಾಗಾಗಿ ಎಡಗಡೆ ಕೀಲು ಕದಲಿದರೆ ಬಲಗಡೆಯದೂ ಕದಲಲೇಬೇಕು. ಮೊಣಕೈ ನೋವಾದರೆ ಇನ್ನೊಂದು ಕೈಯಲ್ಲಿ ಕೆಲಸ ಮಾಡಿ ನೋವಿರುವ ಕೈಗೆ ರಜೆ ಕೊಡಬಹುದು. ದವಡೆಗೆ ಆ ಅನುಕೂಲ ಇಲ್ಲ. ಒಂದು ಕಡೆ ಕೆಟ್ಟರೆ ಇನ್ನೊಂದು ಕಡೆಯೂ ಸೊಟ್ಟಗೆ ದುಡಿಯುತ್ತದೆ.

ಕಾಂಡೈಲ್ ಕೂರುವುದಕ್ಕೆ ತಲೆಬುರುಡೆಯ ಅಡಿಯಲ್ಲಿ ಒಂದು ಗುಂಡಿ ಇದೆ. ಗುಂಡಿಯ ಮುಂದೆ ಒಂದು ಸಣ್ಣ ದಿಬ್ಬ. ಗುಂಡಿಗೂ ಕಾಂಡೈಲಿಗೂ ಮಧ್ಯೆ ಒಂದು ಬಿಲ್ಲೆ ಇದೆ, ಅದನ್ನು ಡಿಸ್ಕ್ ಅನ್ನುತ್ತೇವೆ. ನಮ್ಮಲ್ಲಿ ಹೆಂಗಸರು ತಲೆಯ ಮೇಲೆ ಬಿಂದಿಗೆ ಇಡುವಾಗ ಅಡಿಗೆ ಸಿಂಬೆ ಇಡುತ್ತಾರಲ್ಲ, ಹಾಗೆ ಈ ಡಿಸ್ಕ್ ಕಾಂಡೈಲಿನ ತಲೆಯ ಮೇಲೆ ಕೂತಿದೆ. ಅಂಚು ದಪ್ಪ, ನಡುವೆ ತೆಳು. ನಡುವಿನ ತೆಳು ಭಾಗದಲ್ಲಿ ನರವೂ ಇಲ್ಲ, ರಕ್ತನಾಳವೂ ಇಲ್ಲ. ಒತ್ತಡ ಬೀಳುವುದೇ ಅಲ್ಲಿ, ಆದ್ದರಿಂದ ಅದು ನೋಯುವುದಿಲ್ಲ. ಡಿಸ್ಕಿನ ಹಿಂದೆ ಮಾತ್ರ ನರ, ರಕ್ತನಾಳ ತುಂಬಿದ ಮೆತ್ತನೆಯ ಭಾಗ ಇದೆ. ಡಿಸ್ಕ್ ಮುಂದಕ್ಕೆ ಜಾರಿ ಕಾಂಡೈಲು ಈ ಹಿಂದಿನ ಭಾಗದ ಮೇಲೆ ಕೂತರೆ ಆಗ ನೋವು ಗೊತ್ತಾಗುತ್ತದೆ.

ಈ ಡಿಸ್ಕಿನಿಂದಾಗಿ ಒಂದು ಕೀಲಿನೊಳಗೆ ಎರಡು ಕೋಣೆಗಳಾಗಿವೆ. ಕೆಳಗಿನ ಕೋಣೆಯಲ್ಲಿ ಕಾಂಡೈಲು ಸುಮ್ನೆ ತಿರುಗುತ್ತದೆ. ಮೇಲಿನ ಕೋಣೆಯಲ್ಲಿ ಡಿಸ್ಕೂ ಕಾಂಡೈಲೂ ಒಟ್ಟಿಗೆ ದಿಬ್ಬದ ಮೇಲಿಂದ ಮುಂದಕ್ಕೆ, ಕೆಳಕ್ಕೆ ಜಾರುತ್ತವೆ. ಬಾಯಿ ತೆರೆಯುವಾಗ ಮೊದಲ 20–25 ಮಿಲಿಮೀಟರ್ ಹೆಚ್ಚಾಗಿ ತಿರುಗುವ ಕೆಲಸ. ಅದರಾಚೆ ಹೋಗಬೇಕಾದರೆ ಜಾರಲೇಬೇಕು. ದೊಡ್ಡವರ ಬಾಯಿ ಸಾಮಾನ್ಯವಾಗಿ 40ರಿಂದ 50 ಮಿಲಿಮೀಟರ್ ತೆರೆಯುತ್ತದೆ. ಕ್ಲಿನಿಕ್ಕಿನಲ್ಲಿ ಸ್ಕೇಲ್ ಹಿಡಿದು ಮೇಲಿನ ಮುಂಬಲ್ಲಿನ ತುದಿಯಿಂದ ಕೆಳಗಿನ ಮುಂಬಲ್ಲಿನ ತುದಿಗೆ ಅಳೆಯುತ್ತೇವೆ. ಮನೆಯಲ್ಲಾದರೆ ನಿಮ್ಮದೇ ಮೂರು ಬೆರಳು ಜೋಡಿಸಿ, ಮೇಲೆ ಕೆಳಗೆ ನಿಲ್ಲಿಸಿ, ಹಲ್ಲುಗಳ ನಡುವೆ ಹಿಡಿಸುತ್ತಾ ನೋಡಿ. ಹಿಡಿಸಿದರೆ ಸರಿ. ಎರಡೇ ಹಿಡಿಸಿದರೆ ಯಾರಿಗಾದರೂ ತೋರಿಸಬೇಕು.

ಬಾಯಿ ತೆರೆಯುವಾಗ ಟಕ್ ಅನ್ನುತ್ತದಾ? ಅದು ಹೆಚ್ಚಾಗಿ ಈ ಡಿಸ್ಕ್‌ನದೇ ಸದ್ದು. ಮುಂದಕ್ಕೆ ಜಾರಿಕೊಂಡ ಡಿಸ್ಕಿನ ಹಿಂದಿನ ದಪ್ಪ ಅಂಚನ್ನು ದಾಟಿ ಕಾಂಡೈಲು ಮತ್ತೆ ತನ್ನ ಜಾಗಕ್ಕೆ ಬೀಳುವಾಗ ಆ ಸದ್ದು. ಬಹಳ ಜನರಿಗೆ ಇದು ಇರುತ್ತದೆ. ನೋವಿಲ್ಲ, ಬಾಯಿ ಪೂರ್ತಿ ತೆರೆಯುತ್ತದೆ ಅಂದರೆ ಅದಕ್ಕೆ ಚಿಕಿತ್ಸೆ ಬೇಕಿಲ್ಲ. ಹೆದರಬೇಡಿ. ಆದರೆ ವರ್ಷಗಟ್ಟಲೆ ಟಕ್ ಅನ್ನುತ್ತಿದ್ದದ್ದು ಒಂದು ದಿನ ಬೆಳಗ್ಗೆ ಸದ್ದು ನಿಂತುಹೋಗಿ, ಬಾಯಿ ಎರಡು ಬೆರಳಿಗಿಂತ ಜಾಸ್ತಿ ತೆರೆಯದೇ ಹೋದರೆ ಬೇರೆ ಮಾತು. ಡಿಸ್ಕ್ ಮುಂದೆ ಸಿಕ್ಕಿಕೊಂಡಿದೆ, ಕಾಂಡೈಲಿಗೆ ದಾಟಿ ಹೋಗಲು ಆಗುತ್ತಿಲ್ಲ ಅಂತ ಅರ್ಥ. ಅಂಥವರು ಬಾಯಿ ತೆರೆದಾಗ ಗದ್ದ ನೋವಿರುವ ಕಡೆಗೇ ವಾಲುತ್ತದೆ, ಯಾಕೆಂದರೆ ಚೆನ್ನಾಗಿರುವ ಕಡೆ ಮುಂದಕ್ಕೆ ಜಾರುತ್ತದೆ, ಕೆಟ್ಟ ಕಡೆ ನಿಂತಲ್ಲೇ ನಿಂತಿರುತ್ತದೆ. ರೋಗಿ ಕುರ್ಚಿಗೆ ಬರುವ ಮೊದಲೇ, ಬಾಗಿಲಲ್ಲಿ ನಿಂತು ಮಾತಾಡುವಾಗಲೇ ಎಷ್ಟೋ ಸಲ ಇದು ಕಾಣುತ್ತದೆ.

ಈಗ ಸ್ನಾಯುಗಳಿಗೆ ಬರೋಣ. ಜಗಿಯುವ ಸ್ನಾಯುಗಳು ಒಂದೊಂದು ಕಡೆಗೆ ನಾಲ್ಕು. ಎರಡನ್ನು ನೀವು ಮುಟ್ಟಿ ನೋಡಬಹುದು, ಎರಡು ಒಳಗೆ ಅಡಗಿವೆ.

ಹಲ್ಲು ಕಚ್ಚಿ ಹಿಡಿದು ಕೆನ್ನೆಯ ಹಿಂಭಾಗ, ದವಡೆಯ ಮೂಲೆಯ ಹತ್ತಿರ ಮುಟ್ಟಿ. ಗಟ್ಟಿಯಾಗಿ ಉಬ್ಬುತ್ತದಲ್ವಾ, ಅದು ಮಸೀಟರ್. ಕೆನ್ನೆಮೂಳೆಯ ಕಮಾನಿನಿಂದ ಹೊರಟು ದವಡೆಯ ಮೂಲೆಯ ಹೊರಮೈಗೆ ಅಂಟಿಕೊಂಡಿದೆ. ಈಗ ಕಚ್ಚಿ ಹಿಡಿದೇ ಕಣತಲೆಯ ಮೇಲೆ, ಹುಬ್ಬಿನ ತುದಿಗಿಂತ ಹಿಂದೆ ಬೆರಳಿಡಿ. ಅಲ್ಲೂ ಉಬ್ಬುತ್ತದೆ. ಅದು ಟೆಂಪೊರಾಲಿಸ್. ತಲೆಯ ಪಕ್ಕದಲ್ಲಿ ಅಂಗೈಯಷ್ಟು ಅಗಲಕ್ಕೆ ಹರಡಿಕೊಂಡು, ಕೆಳಗೆ ಬರುತ್ತಾ ಒಟ್ಟುಗೂಡಿ, ಕೆನ್ನೆಮೂಳೆಯ ಕಮಾನಿನ ಅಡಿಯಿಂದ ನುಸುಳಿ, ಕಾಂಡೈಲಿನ ಮುಂದೆ ಎದ್ದಿರುವ ಕೆಳದವಡೆಯ ಚೂಪು ಕೊನೆಗೆ ಸೇರುತ್ತದೆ. ಮುಂದಿನ ಎಳೆಗಳು ನೆಟ್ಟಗಿವೆ, ಅವು ದವಡೆಯನ್ನು ಮೇಲಕ್ಕೆ ಎತ್ತುತ್ತವೆ. ಹಿಂದಿನ ಎಳೆಗಳು ಹೆಚ್ಚುಕಡಿಮೆ ಅಡ್ಡ ಮಲಗಿವೆ, ಅವು ಮುಂದೆ ಹೋದ ದವಡೆಯನ್ನು ಹಿಂದಕ್ಕೆ ಎಳೆಯುತ್ತವೆ. ದಿನವಿಡೀ ಹಲ್ಲು ಕಚ್ಚಿಕೊಂಡಿರುವವರಿಗೆ ಸಂಜೆ ಕಣತಲೆ ನೋಯುವುದು ಇದರಿಂದಲೇ. ಗಂಡು ಗೊರಿಲ್ಲಾದ ತಲೆಬುರುಡೆಯ ಚಿತ್ರ ನೋಡಿದ್ದೀರಾ? ನೆತ್ತಿಯ ಮೇಲೆ ಉದ್ದಕ್ಕೆ ಒಂದು ಮೂಳೆಯ ಏಣು ಇರುತ್ತದೆ. ಅದರ ಟೆಂಪೊರಾಲಿಸ್ ಎಷ್ಟು ದೊಡ್ಡದೆಂದರೆ ತಲೆಯ ಎರಡೂ ಪಕ್ಕದಿಂದ ಬಂದು ನೆತ್ತಿಯಲ್ಲಿ ಸೇರುತ್ತದೆ, ಅಂಟಿಕೊಳ್ಳಲು ಆ ಏಣು ಬೇಕು.

ಮೂರನೆಯದು ಮೀಡಿಯಲ್ ಟೆರಿಗಾಯ್ಡ್. ಮಸೀಟರ್ ದವಡೆಯ ಮೂಲೆಯನ್ನು ಹೊರಗಿನಿಂದ ಹಿಡಿದಿದ್ದರೆ ಇದು ಅದೇ ಮೂಲೆಯನ್ನು ಒಳಗಿನಿಂದ ಹಿಡಿದಿದೆ. ಎರಡೂ ಕೂಡಿ ಎತ್ತುತ್ತವೆ. ಕೆಳಗಿನ ದವಡೆ ಹಲ್ಲಿಗೆ ಮರಗಟ್ಟುವ ಇಂಜೆಕ್ಷನ್ ಕೊಡುವಾಗ ಸೂಜಿ ಇದರ ಪಕ್ಕದಲ್ಲೇ ಹೋಗುತ್ತದೆ. ಇಂಜೆಕ್ಷನ್ ತಗೊಂಡ ಮಾರನೇ ದಿನ ಕೆಲವರಿಗೆ ಬಾಯಿ ಬಿಗಿಯಾಗುತ್ತದಲ್ಲ, ಈ ಸ್ನಾಯುವಿಗೆ ಸೂಜಿ ತಗುಲಿರಬಹುದು. ಬಿಸಿ ಶಾಖ ಕೊಟ್ಟು, ದಿನಕ್ಕೆ ಹಲವು ಸಲ ನಿಧಾನಕ್ಕೆ ಬಾಯಿ ತೆರೆಯುತ್ತಿದ್ದರೆ ಹೋಗುತ್ತದೆ. ಬುದ್ಧಿಹಲ್ಲಿನ ಸುತ್ತ ಕೀವಾದಾಗ ಬಾಯಿ ಕಟ್ಟಿಕೊಳ್ಳುವುದಕ್ಕೂ ಇದು ಮತ್ತು ಮಸೀಟರ್ ಕಾರಣ. ಸೋಂಕು ಪಕ್ಕದಲ್ಲೇ ಇರುವ ಸ್ನಾಯುವಿಗೆ ತಟ್ಟಿ ಅದು ಬಿಗಿದು ಕೂರುತ್ತದೆ. ಧನುರ್ವಾಯುವಿನಲ್ಲಿ ಮೊದಲು ಕಾಣಿಸುವ ಲಕ್ಷಣವೂ ಹೆಚ್ಚಾಗಿ ದವಡೆ ಬಿಗಿಯುವುದೇ.

ನಾಲ್ಕನೆಯದು ನನಗೆ ಎಲ್ಲಕ್ಕಿಂತ ಇಷ್ಟವಾದದ್ದು. ಲ್ಯಾಟರಲ್ ಟೆರಿಗಾಯ್ಡ್.

ಮೊದಲ ವರ್ಷದ ಬಿಡಿಎಸ್‌ನಲ್ಲಿ ಅನಾಟಮಿ ಹಾಲ್‌ನಲ್ಲಿ ಇದನ್ನು ನೋಡಬೇಕಾದರೆ ಒಂದು ಮಧ್ಯಾಹ್ನ ಪೂರ್ತಿ ಬೇಕಾಯಿತು. ಮೊದಲು ಕೆನ್ನೆಮೂಳೆಯ ಕಮಾನನ್ನು ಎರಡು ಕಡೆ ಗರಗಸದಲ್ಲಿ ಕೊಯ್ದು ಮಸೀಟರ್ ಸಮೇತ ಕೆಳಗೆ ಮಡಚಬೇಕು. ಆಮೇಲೆ ದವಡೆಯ ಚೂಪು ಕೊನೆಯನ್ನು ಕತ್ತರಿಸಿ ಟೆಂಪೊರಾಲಿಸ್ ಅನ್ನು ಮೇಲಕ್ಕೆ ಎತ್ತಬೇಕು. ಫಾರ್ಮಲಿನ್ ವಾಸನೆಗೆ ಕಣ್ಣಲ್ಲಿ ನೀರು. ಕೊಬ್ಬು ಬಿಡಿಸುತ್ತಾ ಹೋದರೆ ಒಳಗೆ ಬೆರಳಿನಷ್ಟು ದಪ್ಪದ, ಅಡ್ಡ ಮಲಗಿದ ಸ್ನಾಯು. ಎರಡು ತಲೆ. ಎರಡರ ನಡುವಿನಿಂದ ಕೆನ್ನೆಗೆ ಹೋಗುವ ಒಂದು ನರ ಹೊರಗೆ ಬರುತ್ತದೆ. ಸ್ನಾಯುವಿನ ಮೇಲೆ ಒಂದು ದೊಡ್ಡ ರಕ್ತನಾಳ ಹಾದುಹೋಗುತ್ತದೆ. ನಮಗೆ ಪಾಠ ಮಾಡುತ್ತಿದ್ದ ಮೇಡಂ ಇಕ್ಕಳದಲ್ಲಿ ಸ್ನಾಯುವನ್ನು ಹಿಡಿದು ಮೆಲ್ಲಗೆ ಎಳೆದರು. ಕಾಂಡೈಲು ಗುಂಡಿಯಿಂದ ಹೊರಟು ದಿಬ್ಬದ ಮೇಲೆ ಬಂತು, ಗದ್ದ ಕೆಳಗಿಳಿಯಿತು. ಯಾರೂ ಮಾತಾಡಲಿಲ್ಲ. ನಾನು ಸರ್ಜರಿ ಆರಿಸಿಕೊಳ್ಳಲು ಆ ಮಧ್ಯಾಹ್ನವೂ ಒಂದು ಕಾರಣ. ದೇಹ ದಾನ ಮಾಡಿದ ಆ ವ್ಯಕ್ತಿಗೆ ನಾನು ಇವತ್ತಿಗೂ ಋಣಿ.

ಉಳಿದ ಮೂರೂ ಬಾಯಿ ಮುಚ್ಚುವ ಸ್ನಾಯುಗಳು. ಇದು ಮಾತ್ರ ತೆರೆಯುವುದಕ್ಕೆ ಸಹಾಯ ಮಾಡುತ್ತದೆ. ಗದ್ದದ ಕೆಳಗಿನ ಸಣ್ಣ ಸ್ನಾಯುಗಳು ದವಡೆಯನ್ನು ಕೆಳಕ್ಕೆ ಎಳೆಯುತ್ತವೆ, ಇದು ಕಾಂಡೈಲನ್ನು ಮುಂದಕ್ಕೆ ಎಳೆಯುತ್ತದೆ. ಮೇಲಿನ ತಲೆಯ ಕೆಲವು ಎಳೆಗಳು ಡಿಸ್ಕಿಗೂ ಕೀಲಿನ ಚೀಲಕ್ಕೂ ಅಂಟಿವೆ. ಬಲಗಡೆಯದು ಒಂದೇ ಎಳೆದರೆ ಗದ್ದ ಎಡಕ್ಕೆ ಹೋಗುತ್ತದೆ, ಎಡಗಡೆಯದು ಎಳೆದರೆ ಬಲಕ್ಕೆ. ಎರಡೂ ಒಟ್ಟಿಗೆ ಎಳೆದರೆ ಗದ್ದ ಮುಂದಕ್ಕೆ ಬರುತ್ತದೆ. ಕೆಳಗಿನ ಹಲ್ಲನ್ನು ಎಡಕ್ಕೂ ಬಲಕ್ಕೂ ಸರಿಸಿ ನೋಡಿ. ನೀವು ಜಗಿಯುವುದು ಹೀಗೇ, ಬರೀ ಮೇಲೆ ಕೆಳಗೆ ಅಲ್ಲ.

ಒಂದು ಚೂರು ಕೊಬ್ಬರಿ ಬಾಯಿಗೆ ಹಾಕಿಕೊಳ್ಳಿ. ನಮ್ಮೂರಿನ ಗಟ್ಟಿ ಕೊಬ್ಬರಿಯಾದರೆ ಇನ್ನೂ ಒಳ್ಳೆಯದು. ಮುಂಬಲ್ಲಿನಲ್ಲಿ ಕಚ್ಚಿದ ತಕ್ಷಣ ನಾಲಿಗೆ ಅದನ್ನು ಹಿಂದಿನ ದವಡೆ ಹಲ್ಲಿಗೆ ತಳ್ಳುತ್ತದೆ. ಹೀಗೆ ಮಾಡು ಅಂತ ಯಾರೂ ಹೇಳಿಕೊಟ್ಟಿಲ್ಲ. ಹಿಂದಿನ ಹಲ್ಲು ಕೀಲಿಗೂ ಸ್ನಾಯುಗಳಿಗೂ ಹತ್ತಿರ, ಅದೇ ಶಕ್ತಿಗೆ ಅಲ್ಲಿ ಒತ್ತಡ ಜಾಸ್ತಿ ಸಿಗುತ್ತದೆ. ಆರೋಗ್ಯವಂತ ದೊಡ್ಡವರು ದವಡೆ ಹಲ್ಲಿನಲ್ಲಿ ಬಲವಾಗಿ ಕಚ್ಚಿದರೆ 50–70 ಕಿಲೋ ಭಾರದಷ್ಟು ಒತ್ತಡ ಬರುತ್ತದೆ. ಮುಂಬಲ್ಲಿನಲ್ಲಿ ಅದರ ಕಾಲು ಭಾಗ, ಮೂರನೇ ಒಂದು ಭಾಗ ಅಷ್ಟೇ. ಬಲಗಡೆ ಜಗಿಯುವಾಗ ದವಡೆ ಮೊದಲು ಕೆಳಗಿಳಿದು, ಬಲಕ್ಕೆ ಸರಿದು, ಮೇಲೆ ಬಂದು, ಹಲ್ಲಿನ ಮೇಲೆ ಹಲ್ಲು ಉಜ್ಜಿ ನಡುವಿಗೆ ಮರಳುತ್ತದೆ. ಆ ಹೊತ್ತಿಗೆ ಕೆನ್ನೆಯೊಳಗಿನ ಬಕ್ಸಿನೇಟರ್ ಅನ್ನುವ ಸ್ನಾಯು ತುಣುಕು ಹೊರಗೆ ಜಾರದಂತೆ ಒತ್ತಿ ಹಿಡಿಯುತ್ತದೆ. ಅದು ಮುಖದ ನರಕ್ಕೆ ಸೇರಿದ ಸ್ನಾಯು. ಜಗಿಯುವ ನಾಲ್ಕಕ್ಕೂ ಹೋಗುವುದು ಬೇರೆ ನರ, ಮಿದುಳಿನಿಂದ ಹೊರಡುವ ಐದನೇ ನರದ ಕೆಳಗಿನ ಕವಲು. ಅದಕ್ಕೇ ಮುಖದ ಅರ್ಧ ಭಾಗ ಸೊಟ್ಟಗಾದವರು ಜಗಿಯಬಲ್ಲರು. ಆದರೆ ಅನ್ನ ಕೆನ್ನೆಗೂ ಹಲ್ಲಿಗೂ ನಡುವೆ ಸಿಕ್ಕಿಕೊಳ್ಳುತ್ತದೆ, ಬೆರಳು ಹಾಕಿ ತೆಗೆಯಬೇಕಾಗುತ್ತದೆ.

ಅನ್ನದಲ್ಲಿ ಕಲ್ಲು ಸಿಕ್ಕಾಗ ಏನಾಗುತ್ತದೆ ಗಮನಿಸಿದ್ದೀರಾ? ಕಟಕ್ ಅಂದ ತಕ್ಷಣ ಬಾಯಿ ತಾನಾಗೇ ತೆರೆದುಕೊಂಡಿರುತ್ತದೆ. ‘ಕಲ್ಲು’ ಅಂತ ಮನಸ್ಸಿಗೆ ಬರುವುದು ಆಮೇಲೆ. ಹಲ್ಲಿನ ಬೇರಿನ ಸುತ್ತ ಇರುವ ತೆಳು ಪದರದಲ್ಲಿ ಒತ್ತಡ ಅಳೆಯುವ ನರದ ತುದಿಗಳಿವೆ. ಅವು ಸುದ್ದಿ ಕೊಟ್ಟ ಕೂಡಲೇ ಮುಚ್ಚುವ ಸ್ನಾಯುಗಳು ಕೆಲಸ ನಿಲ್ಲಿಸುತ್ತವೆ. ದೇಹದ ಬೇರೆ ಕಡೆಯ ಸ್ಪರ್ಶದ ನರಕೋಶಗಳು ಮಿದುಳಿಗೂ ಬೆನ್ನುಹುರಿಗೂ ಹೊರಗೆ ಗಂಟುಗಳಲ್ಲಿ ಇರುತ್ತವೆ. ಜಗಿಯುವ ಸ್ನಾಯುಗಳ ಎಳೆತ ತಿಳಿಸುವ ನರಕೋಶಗಳು, ಹಲ್ಲಿನ ಬೇರಿನ ಸುತ್ತಲಿನವುಗಳಲ್ಲೂ ಕೆಲವು, ಮಿದುಳಿನ ಕಾಂಡದ ಒಳಗೇ ಕೂತಿವೆ. ದವಡೆಗೆ ಇಷ್ಟು ಮರ್ಯಾದೆ ಇದೆ! ನಾನು ಓದುವಾಗ ಈ ಸಾಲಿನ ಕೆಳಗೆ ಎರಡು ಗೆರೆ ಎಳೆದಿದ್ದೆ.

ಕಿವಿನೋವು ಅಂತ ಇಎನ್‌ಟಿ ಡಾಕ್ಟರ ಹತ್ತಿರ ಹೋಗಿ, ‘ಕಿವಿ ಚೆನ್ನಾಗಿದೆ, ಹಲ್ಲಿನವರಿಗೆ ತೋರಿಸಿ’ ಅಂತ ಚೀಟಿ ಹಿಡಿದು ಬರುವವರು ಬಹಳ. ಅವರಿಗೆ ಅನುಮಾನ, ಸುಮ್ನೆ ಓಡಾಡಿಸುತ್ತಿದ್ದಾರಾ ಅಂತ. ಇಲ್ಲ. ಕೀಲಿಗೂ, ಕಿವಿಯ ಮುಂಭಾಗಕ್ಕೂ, ಕಣತಲೆಯ ಚರ್ಮಕ್ಕೂ ಒಂದೇ ನರದ ಕವಲು ಹೋಗುತ್ತದೆ. ಕೀಲು ನೊಂದರೆ ಮಿದುಳಿಗೆ ಅದು ಕಿವಿಯ ಹಾಗೆ ಕೇಳಿಸುತ್ತದೆ. 1934ರಲ್ಲಿ ಅಮೆರಿಕದ ಜೇಮ್ಸ್ ಕಾಸ್ಟನ್ ಅನ್ನುವ ಇಎನ್‌ಟಿ ಡಾಕ್ಟರ್ ಕಿವಿಯ ತೊಂದರೆಗಳನ್ನೂ ದವಡೆಯ ಕೀಲನ್ನೂ ಸೇರಿಸಿ ಬರೆದರು. ಕೀಲು ಹೇಗೆ ಕಿವಿಯನ್ನು ಕಾಡುತ್ತದೆ ಅಂತ ಅವರು ಕೊಟ್ಟ ವಿವರಣೆ ನಿಲ್ಲಲಿಲ್ಲ. ಆದರೆ ಈ ಕೀಲಿನ ಕಡೆಗೆ ಡಾಕ್ಟರುಗಳ ಗಮನ ಹರಿಯುವಂತೆ ಮಾಡಿದವರಲ್ಲಿ ಅವರು ಮುಖ್ಯರು.

ಕಿವಿಗೂ ದವಡೆಗೂ ಇದಕ್ಕಿಂತ ಹಳೆಯ ನಂಟೂ ಇದೆ. ಹಾವಿಗೆ, ಮೊಸಳೆಗೆ ದವಡೆಯ ಕೀಲು ಬೇರೆ ಎರಡು ಮೂಳೆಗಳ ನಡುವೆ ಇದೆ. ಅವುಗಳಲ್ಲಿ ಕೀಲಾಗಿರುವ ಆ ಎರಡು ಮೂಳೆಗಳು ಸಸ್ತನಿಗಳಲ್ಲಿ ಸಣ್ಣದಾಗುತ್ತಾ ಹೋಗಿ ಕಿವಿಯೊಳಗೆ ಸೇರಿಕೊಂಡವು. ಇವತ್ತು ನಿಮ್ಮ ಕಿವಿಯ ತಮಟೆಯಿಂದ ಸದ್ದನ್ನು ಒಳಗೆ ಸಾಗಿಸುವ ಮೂರು ಮೂಳೆಗಳಲ್ಲಿ ಎರಡು ಅವೇ. ಭ್ರೂಣದಲ್ಲಿ ಇದನ್ನು ಮೊದಲು ಸರಿಯಾಗಿ ಗುರುತಿಸಿದವರು ಜರ್ಮನಿಯ ರೀಚರ್ಟ್, 1837ರಲ್ಲಿ. ನಮ್ಮ ಈಗಿನ ಕೀಲು ಹೊಸದಾಗಿ ಹುಟ್ಟಿದ್ದು. ಕಿವಿಯ ತಮಟೆಯನ್ನು ಬಿಗಿಯುವ ಪುಟ್ಟ ಸ್ನಾಯುವಿಗೆ ಈಗಲೂ ಜಗಿಯುವ ಸ್ನಾಯುಗಳ ನರವೇ ಹೋಗುತ್ತದೆ. ಕೋಟಿಗಟ್ಟಲೆ ವರ್ಷಗಳ ಹಿಂದಿನ ಮನೆತನದ ಗುರುತು ನಮ್ಮ ತಲೆಯೊಳಗೆ ಹಾಗೇ ಉಳಿದಿದೆ ಅನ್ನುವುದು ನನಗೆ ಯಾವತ್ತೂ ಹಳೆಯದಾಗದ ಸಂಗತಿ.

ಸರಿ, ಕ್ಲಿನಿಕ್ಕಿಗೆ ಬರೋಣ.

ಜಾಸ್ತಿ ನೋಡುವುದು ಹಲ್ಲು ಕಚ್ಚುವವರನ್ನು. ಪರೀಕ್ಷೆ ಹತ್ತಿರ ಬಂದ ಪಿಯುಸಿ ಮಕ್ಕಳು, ಬೆಂಗಳೂರಿನಲ್ಲಿ ಕಂಪ್ಯೂಟರ್ ಮುಂದೆ ಕೂತು ಹಬ್ಬಕ್ಕೆ ಊರಿಗೆ ಬಂದವರು, ಸಾಲದ ಚಿಂತೆ ಇರುವ ರೈತರು. ‘ಮೇಲಿನ ಈ ಹಲ್ಲು, ಇಲ್ಲ ಇದು, ಇಲ್ಲ ಕೆಳಗಿನದೂ’ ಅಂತ ಬೆರಳು ಸರಿಸುತ್ತಾ ಹೋಗುತ್ತಾರೆ. ಎಕ್ಸ್‌ರೇಯಲ್ಲಿ ಏನೂ ಇರುವುದಿಲ್ಲ. ಆಗ ನಾನು ಮಸೀಟರ್ ಮೇಲೆ ಬೆರಳಿಟ್ಟು ಒತ್ತುತ್ತೇನೆ. ‘ಅಯ್ಯೋ, ಇದೇ ನೋವು ಡಾಕ್ಟ್ರಮ್ಮ!’ ಮಸೀಟರ್‌ನ ನೋವು ಮೇಲಿನ ಕೆಳಗಿನ ದವಡೆ ಹಲ್ಲುಗಳಲ್ಲಿ, ಟೆಂಪೊರಾಲಿಸ್‌ನ ನೋವು ಮೇಲಿನ ಹಲ್ಲುಗಳಲ್ಲಿ ಕಾಣಿಸಿಕೊಳ್ಳುತ್ತದೆ. ಅಂಥ ಹಲ್ಲಿಗೆ ರೂಟ್ ಕೆನಾಲ್ ಮಾಡಿಸಿದರೆ ದುಡ್ಡು ಹೋಯಿತು, ಹಲ್ಲಿನ ಜೀವವೂ ಹೋಯಿತು. ನೋವು ಹೋಗಲಿಲ್ಲ. ಹಲ್ಲು ಕೀಳುವ ಮುನ್ನ, ಕೊರೆಯುವ ಮುನ್ನ ಸ್ನಾಯುವನ್ನು ಒಮ್ಮೆ ಒತ್ತಿ ನೋಡಿ ಅಂತ ನೀವೇ ಡಾಕ್ಟರನ್ನು ಕೇಳಬಹುದು. ಕೇಳಿ, ತಪ್ಪೇನಿಲ್ಲ.

ಸುಮ್ನೆ ಕೂತಾಗ ಮೇಲಿನ ಕೆಳಗಿನ ಹಲ್ಲು ಒಂದಕ್ಕೊಂದು ತಾಗಬಾರದು. ಇದು ಬಹಳ ಜನಕ್ಕೆ ಗೊತ್ತಿಲ್ಲ. ತುಟಿ ಮುಚ್ಚಿರಲಿ, ಹಲ್ಲಿನ ನಡುವೆ 2–4 ಮಿಲಿಮೀಟರ್ ಸಂದು ಇರಲಿ. ಹಲ್ಲು ತಾಗಬೇಕಾದದ್ದು ಜಗಿಯುವಾಗ, ನುಂಗುವಾಗ ಮಾತ್ರ. ಈ ಸಾಲು ಓದುವಾಗ ನಿಮ್ಮ ಹಲ್ಲು ತಾಗಿಕೊಂಡಿದ್ದರೆ ಬಿಡಿಸಿ. ನನ್ನ ರೋಗಿಗಳಿಗೆ ಫೋನಿನ ಹಿಂದೆ ಒಂದು ಬಣ್ಣದ ಚುಕ್ಕೆ ಅಂಟಿಸಿಕೊಳ್ಳಲು ಹೇಳುತ್ತೇನೆ, ಕಂಡಾಗಲೆಲ್ಲ ಹಲ್ಲು ಸಡಿಲ ಬಿಡಲಿ ಅಂತ. ಬಿಸಿ ಬಟ್ಟೆಯ ಶಾಖ, ಕೆಲವು ವಾರ ಮೆದು ಊಟ, ಚೂಯಿಂಗ್ ಗಮ್ ಬೇಡ, ರಾತ್ರಿ ಕಡಿಯುವವರಿಗೆ ಹಲ್ಲಿನ ಮೇಲೆ ಹಾಕುವ ತೆಳು ಕವಚ. ಹೆಚ್ಚಿನವರು ಇಷ್ಟಕ್ಕೇ ಸುಧಾರಿಸುತ್ತಾರೆ. ಮೆದು ಊಟ ಏನು ಅಂತ ಕೇಳುವವರಿಗೆ ನಮ್ಮ ಜಿಲ್ಲೆಯಲ್ಲಿ ಉತ್ತರ ಬಹಳ ಸುಲಭ. ಮುದ್ದೆ, ಸೊಪ್ಪಿನ ಸಾರು. ಮುದ್ದೆಯನ್ನು ನಾವು ಜಗಿಯುವುದೇ ಇಲ್ಲ, ಸಾರಿನಲ್ಲಿ ಅದ್ದಿ ನುಂಗುತ್ತೇವೆ. ಮಸೀಟರ್‌ಗೆ ಇದಕ್ಕಿಂತ ಒಳ್ಳೆಯ ರಜೆ ಇಲ್ಲ. ದವಡೆ ಮುರಿದು ತಂತಿ ಕಟ್ಟಿದವರಿಗೆ ರಾಗಿ ಅಂಬಲಿ.

ಅಡಿಕೆಯ ಮಾತು ಇಲ್ಲಿ ಹೇಳಲೇಬೇಕು. ನಮ್ಮ ಸುತ್ತ ತೋಟಗಳಿವೆ, ಇದೇ ಬೆಳೆಯಿಂದ ಓದಿದ ಮಕ್ಕಳು ಎಷ್ಟೋ. ಆದರೂ ಹೇಳುತ್ತೇನೆ. ದಿನಾ ಅಡಿಕೆ, ಗುಟ್ಕಾ, ಪಾನ್ ಮಸಾಲೆ ಹಾಕುವವರಿಗೆ ಮೊದಲು ಖಾರ ತಿಂದರೆ ಬಾಯಿ ಉರಿಯುತ್ತದೆ. ಆಮೇಲೆ ಕೆನ್ನೆಯ ಒಳಭಾಗ ಬಿಳಿಚಿಕೊಂಡು, ಬೆರಳಿಟ್ಟರೆ ನಾರಿನ ಪಟ್ಟಿಗಳು ಸಿಗುತ್ತವೆ. ಬಾಯಿ ವರ್ಷದಿಂದ ವರ್ಷಕ್ಕೆ ಕಿರಿದಾಗುತ್ತದೆ. ಮೂರು ಬೆರಳು, ಎರಡು, ಒಂದು. ಇಲ್ಲಿ ಕೀಲೂ ಸ್ನಾಯುವೂ ಮೊದಮೊದಲು ಚೆನ್ನಾಗೇ ಇರುತ್ತವೆ, ಕೆನ್ನೆಯೇ ಹಿಗ್ಗುವುದಿಲ್ಲ. 1952ರಲ್ಲಿ ಶ್ವಾರ್ಟ್ಸ್ ಅನ್ನುವ ಡಾಕ್ಟರ್ ಇದನ್ನು ಮೊದಲು ವಿವರಿಸಿದ್ದು ಕೀನ್ಯಾದಲ್ಲಿದ್ದ ಐವರು ಭಾರತೀಯ ಹೆಂಗಸರಲ್ಲಿ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ ಪ್ರಕಟಿಸಿದ ವರದಿಯಲ್ಲಿ, ತಂಬಾಕು ಸೇರದ ಅಡಿಕೆಯನ್ನೂ ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಗೆ ಸೇರಿಸಿತು. ಕೂಡಿಕೊಂಡ ನಾರು ಪೂರ್ತಿ ಹೋಗುವುದಿಲ್ಲ. ಅಡಿಕೆ ಬಿಟ್ಟರೆ ಇನ್ನಷ್ಟು ಕೆಡುವುದನ್ನು ತಡೆಯಬಹುದು. ಬಾಯಿಗೆ ಒಂದೇ ಬೆರಳು ಹೋಗುವ ಇಪ್ಪತ್ತರ ಹುಡುಗರನ್ನು ನೋಡಿದಾಗ ನನ್ನ ಹೊಟ್ಟೆ ಉರಿಯುತ್ತದೆ.

ಇನ್ನು ದವಡೆ ಜಾರುವುದು. ಜೋರಾಗಿ ಆಕಳಿಸಿದಾಗ ಕಾಂಡೈಲು ದಿಬ್ಬವನ್ನೂ ದಾಟಿ ಮುಂದೆ ಹೋಗಿಬಿಟ್ಟರೆ ವಾಪಸ್ ಬರಲು ಆಗುವುದಿಲ್ಲ. ಮುಚ್ಚುವ ಸ್ನಾಯುಗಳು ಗಾಬರಿಯಿಂದ ಬಿಗಿದುಕೊಂಡು ಅದನ್ನು ಅಲ್ಲೇ ಒತ್ತಿ ಹಿಡಿಯುತ್ತವೆ. ಬಾಯಿ ತೆರೆದೇ ಇರುತ್ತದೆ, ಜೊಲ್ಲು ಸುರಿಯುತ್ತದೆ, ಮಾತು ಬರುವುದಿಲ್ಲ. ಒಮ್ಮೆ ಒಬ್ಬ ಅಜ್ಜಿಯನ್ನು ‘ಮೆಟ್ಟಿಕೊಂಡಿದೆ’ ಅಂತ ಮೊದಲು ದೇವಸ್ಥಾನಕ್ಕೆ ಕರೆದುಕೊಂಡು ಹೋಗಿ ಆಮೇಲೆ ನನ್ನ ಹತ್ತಿರ ತಂದಿದ್ದರು. ಅಜ್ಜಿಯನ್ನು ಕೆಳಗೆ ಕೂರಿಸಿ, ತಲೆಗೆ ಗೋಡೆಯ ಆಸರೆ ಕೊಟ್ಟು, ಹೆಬ್ಬೆರಳಿಗೆ ದಪ್ಪಗೆ ಗಾಜ್ ಬಟ್ಟೆ ಸುತ್ತಿಕೊಂಡು ಕೆಳಗಿನ ದವಡೆ ಹಲ್ಲಿನ ಮೇಲಿಟ್ಟೆ. ‘ಅಜ್ಜಿ, ಉಸಿರು ನಿಧಾನ ಬಿಡಿ, ಮೈ ಸಡಿಲ ಬಿಡಿ’ ಅಂದೆ. ಮೊದಲು ಕೆಳಕ್ಕೆ ಒತ್ತಬೇಕು. ಸ್ನಾಯು ದಣಿದು ಸಡಿಲವಾಗುವ ತನಕ ಬಿಡದೆ ಒತ್ತಬೇಕು, ಅವಸರ ಮಾಡಬಾರದು. ಆಮೇಲೆ ಹಿಂದಕ್ಕೆ ತಳ್ಳಬೇಕು. ಕಾಂಡೈಲು ದಿಬ್ಬ ಇಳಿದು ಗುಂಡಿಗೆ ಬಿದ್ದದ್ದು ಕೈಗೆ ಗೊತ್ತಾಗುತ್ತದೆ. ಅಜ್ಜಿ ಮೊದಲು ಹೇಳಿದ್ದು, ‘ನೀರು ಕೊಡವ್ವ’. ಈಜಿಪ್ಟಿನ ಎಡ್ವಿನ್ ಸ್ಮಿತ್ ಪಪೈರಸ್ಸಿನಲ್ಲಿ, ಸುಮಾರು 3,600 ವರ್ಷಗಳ ಹಿಂದಿನ ಬರಹದಲ್ಲಿ, ಹೆಚ್ಚುಕಡಿಮೆ ಇದೇ ವಿಧಾನ ಇದೆ. ಹೆಬ್ಬೆರಳು ಬಾಯೊಳಗೆ, ಉಳಿದ ಬೆರಳು ಗದ್ದದ ಕೆಳಗೆ. ಮನೆಯಲ್ಲಿ ಮಾತ್ರ ಯಾರೂ ಪ್ರಯತ್ನಿಸಬೇಡಿ. ಒಮ್ಮೆ ಜಾರಿದವರು ಆಕಳಿಕೆ ಬಂದಾಗ ಗದ್ದದ ಕೆಳಗೆ ಮುಷ್ಟಿ ಒತ್ತಿ ಹಿಡಿದುಕೊಳ್ಳಬೇಕು.

ಎಲ್ಲ ದವಡೆ ನೋವೂ ದವಡೆಯದಲ್ಲ, ಅದನ್ನೂ ನೆನಪಿಡಿ. ನಡೆದಾಗ, ಮೆಟ್ಟಿಲು ಹತ್ತಿದಾಗ ದವಡೆ ನೋವು ಬಂದು, ನಿಂತರೆ ಕಡಿಮೆಯಾದರೆ ಹೃದಯ ತೋರಿಸಿ. ಐವತ್ತು ದಾಟಿದವರಿಗೆ ಜಗಿಯುತ್ತಾ ಜಗಿಯುತ್ತಾ ದವಡೆ ಸೋತು ನೋಯುವುದು, ಜೊತೆಗೆ ಹೊಸದಾಗಿ ಕಣತಲೆ ನೋವು ಶುರುವಾಗುವುದು, ತಲೆ ಬಾಚಿದರೆ ನೋಯುವುದು ಇದ್ದರೆ ಅವತ್ತೇ ಡಾಕ್ಟರ ಹತ್ತಿರ ಹೋಗಿ. ಕಣತಲೆಯ ರಕ್ತನಾಳ ಊದಿಕೊಂಡಿದ್ದರೆ ಕಣ್ಣೇ ಹೋಗುವ ಅಪಾಯ ಇದೆ.

ಕೊನೆಯದಾಗಿ ಮಕ್ಕಳು. ಇದಕ್ಕಾಗಿಯೇ ಇಷ್ಟೆಲ್ಲ ಬರೆದೆ ಅಂದರೂ ಸರಿ. ಸೈಕಲ್ಲಿನಿಂದ, ಮೆಟ್ಟಿಲಿನಿಂದ, ಜಗಲಿಯಿಂದ ಮಗು ಗದ್ದ ಊರಿ ಬೀಳುತ್ತದೆ. ಗದ್ದ ಒಡೆದು ರಕ್ತ ಬರುತ್ತದೆ, ಹೊಲಿಗೆ ಹಾಕಿಸುತ್ತೇವೆ, ವಾರಕ್ಕೆ ಬಿಚ್ಚಿಸುತ್ತೇವೆ, ಮರೆಯುತ್ತೇವೆ. ಗದ್ದಕ್ಕೆ ಬಿದ್ದ ಏಟು ದವಡೆಯ ಉದ್ದಕ್ಕೂ ಸಾಗಿ ಕಿವಿಯ ಮುಂದಿನ ಕಾಂಡೈಲನ್ನು ಮುರಿಯಬಹುದು. ಚಿಕ್ಕ ಮಕ್ಕಳ ಕಾಂಡೈಲು ಮೆದು, ರಕ್ತ ತುಂಬಿದ್ದು. ಕೀಲಿನೊಳಗೆ ರಕ್ತ ಸುರಿದು, ನೋವಿಗೆ ಮಗು ಬಾಯಿ ಅಲ್ಲಾಡಿಸದೇ ಇದ್ದರೆ, ಕೆಲವು ಮಕ್ಕಳಲ್ಲಿ ತಿಂಗಳುಗಳಲ್ಲಿ ಅಲ್ಲಿ ಮೂಳೆ ಬೆಳೆದು ದವಡೆ ತಲೆಬುರುಡೆಗೇ ಅಂಟಿಕೊಳ್ಳುತ್ತದೆ. ಬಾಯಿ ತೆರೆಯುವುದಿಲ್ಲ. ದವಡೆ ಬೆಳೆಯುವುದಕ್ಕೂ ಕಾಂಡೈಲು ಬೇಕು, ಆದ್ದರಿಂದ ಗದ್ದ ಚಿಕ್ಕದಾಗಿ ಹಿಂದೆ ಉಳಿದುಬಿಡುತ್ತದೆ. ಗದ್ದ ಹಿಂದೆ ಇದ್ದರೆ ನಾಲಿಗೆಯೂ ಹಿಂದೆ, ರಾತ್ರಿ ಉಸಿರು ಕಟ್ಟುತ್ತದೆ. ಸರ್ಜರಿ ಕಲಿಯುವಾಗ ಇಂಥ ಮಕ್ಕಳನ್ನು ನೋಡಿದ್ದೇನೆ. ಹಲ್ಲಿನ ಸಂದಿನಿಂದ ಅನ್ನವನ್ನು ಬೆರಳಲ್ಲಿ ಹಿಸುಕಿ ಒಳಗೆ ತಳ್ಳಿಕೊಳ್ಳುತ್ತಿದ್ದ ಒಂದು ಹೆಣ್ಣುಮಗು ಇತ್ತು. ಅಂಟಿದ ಮೂಳೆ ಬಿಡಿಸುವ ಆಪರೇಶನ್ ದೊಡ್ಡದು. ಬಾಯೇ ತೆರೆಯದ ಮಗುವಿಗೆ ಅರಿವಳಿಕೆ ಕೊಡುವುದೇ ಕಷ್ಟ. ಆಪರೇಶನ್ ಆದ ಮೇಲೂ ತಿಂಗಳುಗಟ್ಟಲೆ ಅಳುತ್ತಲೇ ಬಾಯಿ ತೆರೆಯುವ ವ್ಯಾಯಾಮ ಮಾಡಿಸಬೇಕು, ಇಲ್ಲದಿದ್ದರೆ ಮತ್ತೆ ಅಂಟುತ್ತದೆ.

ಹಾಗಾಗಿ ಗದ್ದಕ್ಕೆ ಪೆಟ್ಟು ಬಿದ್ದ ಮಗುವಿನ ಕಿವಿಯ ಮುಂದೆ ಊತ, ನೋವು ಇದೆಯಾ ನೋಡಿ. ಕಿವಿಯಿಂದ ರಕ್ತ ಬಂದಿದೆಯಾ ನೋಡಿ, ಕಾಂಡೈಲು ಕಿವಿಯ ಮುಂದಿನ ಗೋಡೆಗೆ ಬಡಿದಿದ್ದರೆ ಬರುತ್ತದೆ. ಬಾಯಿ ತೆರೆದಾಗ ಗದ್ದ ಒಂದು ಕಡೆಗೆ ವಾಲುತ್ತಾ, ಹಲ್ಲುಗಳು ಮೊದಲಿನ ಹಾಗೆ ಕೂಡುತ್ತಾ ನೋಡಿ. ಇದರಲ್ಲಿ ಯಾವುದೇ ಒಂದು ಇದ್ದರೂ ಹೊಲಿಗೆ ಹಾಕಿದ ಡಾಕ್ಟರಿಗೆ ಹೇಳಿ ಓಪಿಜಿ ಎಕ್ಸ್‌ರೇ ಮಾಡಿಸಿ. ಒಂದೇ ಫಿಲ್ಮಿನಲ್ಲಿ ಎರಡೂ ಕಡೆಯ ಕೀಲು ಬರುತ್ತದೆ, ಸಂಶಯ ಉಳಿದರೆ ಸಿ.ಟಿ. ಸ್ಕ್ಯಾನ್. ಮುರಿದಿದ್ದರೂ ಮಕ್ಕಳಿಗೆ ಹೆಚ್ಚಿನ ಸಲ ಆಪರೇಶನ್ ಬೇಕಾಗುವುದಿಲ್ಲ. ಕೆಲವು ದಿನ ಮೆದು ಊಟ, ಆಮೇಲೆ ಬೇಗ ಶುರುಮಾಡಿ ದಿನಾ ಬಾಯಿ ತೆರೆಯುವ ವ್ಯಾಯಾಮ, ಬೆಳವಣಿಗೆ ಮುಗಿಯುವ ತನಕ ಆಗಾಗ ತಪಾಸಣೆ. ಹೊಲಿಗೆ ಬಿಚ್ಚಿಸಲು ಹೋದ ದಿನವೇ ಮುಂದಿನ ತಪಾಸಣೆಯ ತಾರೀಕು ಬರೆಸಿಕೊಂಡು ಬನ್ನಿ.